ಕತ್ತರಿಸದೆ ಬಿಟ್ಟ ಮೌನ

ಮಾರ್ಚ್ 4, ಸೋಮವಾರ

ಊಟಕ್ಕೆ ಮುಂಚೆ ಮೂರು ಕರೆ ಮುಗಿಸಿದೆ. ಒಂದು ಅಡುಗೆಮನೆಯ ಬೆಂಕಿ. ಒಂದು ಕಾರು, ಸೈಕಲ್ಲು. ಇನ್ನೊಂದು ಕುಡುಕನದು — ನಾಯಿ ಕಳೆದುಹೋಗಿದೆ, ಪೊಲೀಸರನ್ನು ಕಳಿಸಿ ಅಂತ. ನಾಯಿ ಅವನ ಪಕ್ಕದಲ್ಲೇ ಬೊಗಳುತ್ತಿದೆ! ನಕ್ಕು ನಕ್ಕು ಹೆಡ್‌ಫೋನ್ ಜಾರಿತು. ಅವನ ವಿಳಾಸ ತೆಗೆದೆ, ಫೋನ್ ನಂಬರ್ ತೆಗೆದೆ, ನಾಯಿಯ ಹೆಸರು ಬಿಟ್ಟೆ. ನಾಯಿಗೆ ಗುಟ್ಟು ಕಾಯುವ ಹಕ್ಕು ಇಲ್ಲವಂತೆ.

ನಿನ್ನೆ ನಾದಿನಿ ಫೋನಿನಲ್ಲಿ ಮತ್ತೆ ಅದೇ ಪ್ರಶ್ನೆ. "ಅಲ್ವೇ, ನಿನ್ನ ಕೆಲ್ಸ ಏನು ಅಂತ ನಂಗೆ ಇನ್ನೂ ಅರ್ಥ ಆಗಿಲ್ಲ ನೋಡು." ಹೇಳಿದೆ. ತುರ್ತು ಸಹಾಯಕ್ಕೆ ಜನ ಮಾಡುವ ಕರೆಯೆಲ್ಲ ಸಾರ್ವಜನಿಕ ದಾಖಲೆ, ಯಾರು ಬೇಕಾದರೂ ಅರ್ಜಿ ಹಾಕಿ ಕೇಳಬಹುದು. ಕೊಡುವ ಮೊದಲು ಹೊರಗೆ ಹೋಗಬಾರದ್ದನ್ನು ಕಿತ್ತು, ಉಳಿದದ್ದನ್ನು ಅಂಟಿಸಿ, ಬೆಸುಗೆ ಕಾಣದ ಹಾಗೆ ನಯ ಮಾಡುವವಳು ನಾನು. "ಹಾಗಾದ್ರೆ ಸೆನ್ಸಾರ್ ಬೋರ್ಡು ಅನ್ನು" ಅಂದಳು. ಅನ್ನಲಿ. ಆಫೀಸಿನಲ್ಲಿ ಕತ್ತರಿ ಮೇಡಂ ಅಂತಾರೆ. ಎದುರಿಗೆ ಬರೀ ಮೇಡಂ.

ಸಂಜೆ ಸಾಹೇಬರು ಒಂದು ಅರ್ಜಿ ತಂದು ಮೇಜಿನ ಮೇಲೆ ಹಾಕಿದರು. ಕಳೆದ ವರ್ಷದ ಕೊನೆಗೆ ಗಂಡನ ಕೈಯಲ್ಲಿ ಸತ್ತಳಲ್ಲ, ಒಂದು ಮಗುವಿನ ತಾಯಿ — ಅವಳ ಕೊನೆಯ ಕರೆ. ಕೇಳಿರುವವನು ಜೋಳಿಗೆ. ಹೆಗಲಿನ ಚೀಲ ಇಳಿಸದೆ ವಾರಕ್ಕೊಮ್ಮೆ ನಮ್ಮ ಕೌಂಟರಿಗೆ ಬರುವ ಆ ಪತ್ರಕರ್ತ. ಗಾಡಿ ಕಳಿಸುವುದಕ್ಕೆ ತಡ ಮಾಡಿದಿರಾ ಅನ್ನುವುದು ಅವನ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ.

ಸಾಹೇಬರ ಮುಖ ಅರಳಿತ್ತು. "ಆ ಹುಡುಗಿ ತಾಯಿ ಫೋನ್ ಮಾಡಿ ಅತ್ರು ಮೇಡಂ, ಯಾರಿಗೂ ಕೊಡ್ಬೇಡಿ ಅಂತ. ಮನೆಯವ್ರೇ ಬೇಡ ಅಂದ್ರೆ ನಾವು ಪಾರು."

ಪಾರು! ಆ ಪದ ಕೇಳಿದಾಗಿನಿಂದ ತಲೆನೋವು.

ಮಾರ್ಚ್ 6, ಬುಧವಾರ

ಸತ್ತವಳ ಅಕ್ಕ ಬಂದಿದ್ದಳು. ತಾಯಿಯೂ ಬಂದಿದ್ದರು, ಆದರೆ ಮೆಟ್ಟಿಲು ಹತ್ತಲಿಲ್ಲ. ಕೆಳಗೆ ಕಾರಿನಲ್ಲೇ ಕೂತರು. ಕಾರಿನ ತಲೆಯ ಮೇಲೆ ಡ್ರೈವಿಂಗ್ ಸ್ಕೂಲಿನ ಹಳದಿ ಬೋರ್ಡು. ಅಕ್ಕ ಡ್ರೈವಿಂಗ್ ಕಲಿಸುವವಳಂತೆ. ನಾನು ಕಲಿಯಲು ಹೋಗಿ ಗೇಟಿಗೆ ಗುದ್ದಿ ವಾಪಸ್ ಬಂದವಳು, ಹಾಗಾಗಿ ಅಲ್ಲೇ ಒಂದು ಮರ್ಯಾದೆ ಹುಟ್ಟಿಬಿಟ್ಟಿತು.

ನಲವತ್ತರ ಹತ್ತಿರ. ಗಿಡ್ಡ ಕೂದಲು, ಕ್ಯಾನ್ವಾಸ್ ಶೂ. ಅಳು ಇಲ್ಲ, ಬೈಗುಳ ಇಲ್ಲ. ಕುರ್ಚಿ ಎಳೆದು ಕೂತಾಗ ಬಲಗಾಲು ಮಾತ್ರ ಮುಂದೆ ಚಾಚಿತ್ತು, ಬ್ರೇಕು ಇದೆಯೇನೋ ಅನ್ನುವ ಹಾಗೆ.

ಸಾಹೇಬರು ಆಕ್ಷೇಪಣೆಯ ಕಾಗದ ಮುಂದೆ ತಳ್ಳಿದರು. "ಇಲ್ಲೊಂದು ಸೈನ್ ಹಾಕಿಬಿಡಿ ತಾಯಿ. ಎಲ್ಲಾ ಮುಚ್ಚಿಬಿಡೋಣ. ನಿಮ್ಮ ತಂಗಿ ಗೌರವದ ಪ್ರಶ್ನೆ."

"ಏನನ್ನ ಮುಚ್ತಿದೀನಿ ಅಂತ ಕೇಳದೆ ಹೇಗೆ ಸೈನ್ ಹಾಕ್ಲಿ ಸಾರ್?"

"ಅಯ್ಯೋ, ಅದನ್ನೆಲ್ಲ ಯಾಕೆ ಕೇಳ್ತೀರಿ... ತಡೆಯೋಕಾಗಲ್ಲ."

"ಅವಳು ತಡ್ಕೊಂಡಿದ್ದಾಳೆ. ನಾನು ಕೇಳೋದಕ್ಕೇನು?"

ಮನೆಯವರಿಗೆ ಮೊದಲು ಕೇಳುವ ಹಕ್ಕಿದೆ. ಯಾರೂ ಬಳಸುವುದಿಲ್ಲ ಅಷ್ಟೆ. ಅವಳನ್ನು ನನ್ನ ಗಾಜಿನ ಕೋಣೆಗೆ ಕರೆದುಕೊಂಡು ಹೋದೆ. ಹೆಡ್‌ಫೋನ್ ಕೊಟ್ಟೆ, ಇನ್ನೊಂದನ್ನು ನಾನು ಹಾಕಿಕೊಂಡೆ. ಹೊರಗೆ ಹೋಗಲೇ ಅಂದರೆ, "ಇಲ್ಲಾ, ಇರಿ" ಅಂದಳು.

ತಂಗಿ ಏನೇನು ಅಂದಳು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಆಪರೇಟರಿನ ಕಡೆಯದು ಬರೆಯಬಹುದು. "ಸ್ವಲ್ಪ ಲೈನಲ್ಲಿರಿ." "ಗಂಡನ ಹತ್ರ ಸಮಾಧಾನವಾಗಿ ಮಾತಾಡಿ ನೋಡಿದ್ರಾ?" "ಲೈನಲ್ಲಿರಿ." ನಡುವೆ ಕೀಬೋರ್ಡಿನ ಟಕಟಕ. ಇನ್ನೊಂದು ಫೋನಿಗೆ ಉತ್ತರ ಕೊಡುವ ಸದ್ದು. ಮತ್ತೆ "ಲೈನಲ್ಲಿರಿ."

ಇಷ್ಟು ವರ್ಷದಲ್ಲಿ ಎಂತೆಂಥದ್ದೋ ಕೇಳಿದ್ದೇನೆ. ಇವತ್ತು ನಾನೇ ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿದೆ. ಅವಳು ಮಾತ್ರ ಕದಲಲಿಲ್ಲ. ಬಲಗಾಲು ನೆಲಕ್ಕೆ ಒತ್ತಿಕೊಂಡೇ ಇತ್ತು, ಕೊನೆಯವರೆಗೆ.

ಹೆಡ್‌ಫೋನ್ ಇಳಿಸಿ, ವೈರು ಅಂದವಾಗಿ ಸುತ್ತಿಟ್ಟಳು. "ಅಮ್ಮ ಕೆಳಗೆ ಕಾಯ್ತಿದಾಳೆ. ನಾಳೆ ಬರ್ತೀನಿ" ಅಂದಳು. ಎಂಥ ಹೆಣ್ಣಪ್ಪ ಇವಳು!

ಮಾರ್ಚ್ 7, ಗುರುವಾರ

ಬಂದಳು. ಸೈನ್ ಹಾಕಲಿಲ್ಲ.

ಕಾರಿಡಾರಿನಲ್ಲಿ ಜೋಳಿಗೆ ಸಿಕ್ಕ. ಅವನು ಕೆಟ್ಟವನಲ್ಲ, ಮೊಂಡ. ಪೂರ್ತಿ ಕರೆ ಬೇಕು ಅಂತ ಹಟ. "ಜನ ಅವ್ರ ದನಿ ಕೇಳಿದ್ರೇನೇ ಮನಸ್ಸು ಕರಗೋದು ಮೇಡಂ. ಇಲ್ದಿದ್ರೆ ಇದೂ ಒಂದು ಸುದ್ದಿ ಅಂತ ಮರೀತಾರೆ."

"ನನ್ನ ತಂಗಿ ಕೂಗು ಕೇಳಿದ್ರೇನೇ ಕರಗೋ ಮನಸ್ಸು ನಂಗೆ ಬೇಡ ಸಾರ್" ಅಂದಳು ಅಕ್ಕ. "ಅವಳ ಮಗಳು ಎರಡನೇ ಕ್ಲಾಸು. ನಾಳೆ ಅದೂ ಒಂದು ಫೋನ್ ಹಿಡಿಯುತ್ತೆ. ಯಾರೋ ಒಬ್ಳು ಗೆಳತಿ, ನೋಡೇ ನಿಮ್ಮಮ್ಮ ಅಂತ ಪ್ಲೇ ಒತ್ತುತಾಳೆ. ಆಗ ನೀವಿರ್ತೀರಾ ಅಲ್ಲಿ?"

ಅವನು ಚೀಲದ ಪಟ್ಟಿ ಸರಿ ಮಾಡಿಕೊಂಡ.

"ಹಾಗಂತ ಮುಚ್ಚಿಹಾಕೋಕೂ ಬಿಡಲ್ಲ" ಅಂತ ಅವಳೇ ಮುಂದುವರಿಸಿದಳು. "ಅವಳ ದನಿ ನಮ್ಮದು. ಆ ಕಡೆಯವರ ದನಿ ಊರಿಂದು. ಊರಿಂದನ್ನ ಊರಿಗೆ ಕೊಡಿ."

ಇಪ್ಪತ್ತು ವರ್ಷದಲ್ಲಿ ಎಷ್ಟೊಂದು ಸುತ್ತೋಲೆ ಓದಿದ್ದೇನೆ, ಟ್ರೇನಿಂಗ್ ಅಂತ ಹೋಟೆಲಿನಲ್ಲಿ ತೂಕಡಿಸಿದ್ದೇನೆ. ಇಷ್ಟು ನೇರವಾಗಿ ಯಾರೂ ಹೇಳಿರಲಿಲ್ಲ. ಭಾಗಶಃ ಬಿಡುಗಡೆಗೆ ನಿಯಮ ಇದೆ. ಸಾಹೇಬರು ಗೊಣಗುತ್ತಾ ಒಪ್ಪಿದರು. ತಂಗಿಯ ದನಿ ತೆಗೆದು, ಆಪರೇಟರ್ ಆಡಿದ್ದನ್ನು ಪೂರ್ತಿ ಇಡುವ ಕೆಲಸ ನನ್ನ ಪಾಲಿಗೆ.

ಹೊರಡುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಮಾತು. "ಆ ಆಪರೇಟರ್ ಹುಡುಗಿ ಹೆಸರು ಹೇಳ್ತಾಳಲ್ಲ ಮೊದ್ಲು, ಅದನ್ನೂ ತೆಗೀರಿ. ಅಷ್ಟು ಫೋನ್ ಮುಂದೆ ಅವಳೊಬ್ಬಳನ್ನೇ ಕೂರಿಸಿದ್ಯಾರು ಅನ್ನೋದು ಬೇಕು ನಂಗೆ. ಅವಳ ಮನೆ ಮುಂದೆ ಜನ ಸೇರೋದು ಬೇಡ. ಅವಳಿಗೂ ಒಬ್ಳು ಅಮ್ಮ ಇರ್ತಾಳೆ."

ನನ್ನ ಕಣ್ಣು ತುಂಬಿತು. ಫೈಲು ಹುಡುಕುವ ಹಾಗೆ ನಟಿಸಿದೆ.

ಮಾರ್ಚ್ 12, ಮಂಗಳವಾರ

ಶುಕ್ರವಾರ, ಸೋಮವಾರ ಎರಡೂ ದಿನ ಅದೇ ಕೆಲಸ. ತಂಗಿಯ ದನಿ ಇದ್ದಲ್ಲೆಲ್ಲ ಕಿತ್ತೆ, ಉಳಿದದ್ದನ್ನು ಒಂದಕ್ಕೊಂದು ಜೋಡಿಸಿದೆ. ಬೆಸುಗೆ ಎಲ್ಲಿದೆ ಅಂತ ದೇವರಿಗೂ ಗೊತ್ತಾಗಬಾರದು. ನನ್ನ ಜೀವಮಾನದ ಒಳ್ಳೆಯ ಕೆಲಸ ಅಂತ ಒಳಗೊಳಗೇ ಬೀಗಿದ್ದೆ. ಬೀಗಬೇಡ ಅಂತ ನಾನು ಸಣ್ಣವಳಿದ್ದಾಗಲೇ ನನ್ನಮ್ಮ ಹೇಳುತ್ತಿದ್ದಳು.

ಇವತ್ತು ಅಕ್ಕ ಕೇಳಿದಳು. ಮುಗಿಯಿತು. ಹೆಡ್‌ಫೋನ್ ತೆಗೆಯಲೇ ಇಲ್ಲ, ಇನ್ನೂ ಇದೆಯೇನೋ ಅಂತ ಕಾಯುತ್ತಿದ್ದಳು.

"ಇಷ್ಟೇನಾ?"

"ಇಷ್ಟೇ. ಆಪರೇಟರ್ ಮಾತು ಒಂದೂ ಬಿಟ್ಟಿಲ್ಲ."

"ಮಾತು ಬಿಟ್ಟಿಲ್ಲ ಮೇಡಂ. ಆದ್ರೆ... ಇದು ಒಂದು ಸಿಗ್ನಲ್ ಬಿಡೋಷ್ಟು ಹೊತ್ತು. ಆವತ್ತು ನಾನು ಕೇಳಿದ್ದು ಹೀಗಿರಲಿಲ್ಲ. ಇದನ್ನ ಕೇಳಿದವರು ಏನಂತಾರೆ? ಪಾಪ, ಆಪರೇಟರು ಪಟಪಟ ಅಂತ ಕೆಲ್ಸ ಮಾಡಿದ್ಲು, ಗಾಡೀನೂ ಕಳಿಸಿದ್ಲು ಅಂತಾರೆ."

ತಣ್ಣೀರು ಸುರಿದ ಹಾಗಾಯಿತು. ಹೌದಲ್ಲ! ಖಾಲಿ ಜಾಗ ಬಿಡುವುದು ನಮ್ಮಲ್ಲಿ ಕೆಟ್ಟ ಕೆಲಸ. ಕಿತ್ತ ಮೇಲೆ ಎಳೆದು ಜೋಡಿಸು — ಮೊದಲ ದಿನ ಕಲಿಸಿದ್ದೇ ಅದು. ಜೋಡಿಸಿದೆ. ಆ ಹೆಣ್ಣು ಕಾದ ಹೊತ್ತನ್ನೆಲ್ಲ ಜೋಡಿಸುವ ಭರದಲ್ಲಿ ನುಂಗಿಹಾಕಿದೆ. ಸಾಹೇಬರು ಬೆರಳೂ ಎತ್ತದೆ ಪಾರಾಗುತ್ತಿದ್ದರು, ನನ್ನ ಕೈಚಳಕದಿಂದ.

"ಅವಳ ದನಿ ಇದ್ದಲ್ಲಿ ಏನೂ ಬೇಡ. ಸದ್ದಿಲ್ದೆ ಇರ್ಲಿ. ಆದ್ರೆ ಅಷ್ಟೇ ಹೊತ್ತು ಇರ್ಲಿ" ಅಂದಳು ಅಕ್ಕ. "ಜನ ಸುಮ್ನೆ ಕೂತು ಕಾಯ್ಲಿ. ಅವಳು ಕಾದಷ್ಟೇ."

ಸಾಹೇಬರ ಹತ್ತಿರ ಹೋದೆ. ಕೂಗಾಡಿದರು. "ಖಾಲಿ ಟೇಪ್ ಯಾರು ಕೇಳ್ತಾರ್ರೀ? ಮೆಷಿನ್ ಕೆಟ್ಟಿದೆ ಅಂತಾರೆ! ಒಂದೋ ಪೂರ್ತಿ, ಇಲ್ಲಾ ಪೂರ್ತಿ ಇಲ್ಲ."

ನನ್ನ ತಲೆ ಕೆಟ್ಟಿತು. "ಸಾರ್, ಮಾತಷ್ಟೇ ಅಲ್ಲ, ಹೊತ್ತೂ ದಾಖಲೆನೇ. ತಂಗಿ ದನಿ ಮನೆಯವ್ರಿಗೋಸ್ಕರ ತೆಗ್ದೆ. ಈ ಹೊತ್ತನ್ನ ಯಾರಿಗೋಸ್ಕರ ತೆಗೀಲಿ ಹೇಳಿ? ನೀವು ಬರೆದುಕೊಡಿ, ತೆಗೀತೀನಿ."

ಬರೆದುಕೊಡಿ ಅಂದ ಕೂಡಲೇ ಅವರ ಪೆನ್ನಿನ ಇಂಕು ಒಣಗುತ್ತದೆ. ಹಳೆಯ ಅನುಭವ. ಏನಾದ್ರೂ ಮಾಡ್ಕೊಳ್ಳಿ ಅಂತ ಕೈ ಬೀಸಿದರು.

ಗಾಜಿನಾಚೆ ಅಕ್ಕ ನೋಡುತ್ತಿದ್ದಳು. ಹೆಬ್ಬೆರಳು ಎತ್ತಿ ತೋರಿಸಿದೆ. ಮೊದಲ ಸಲ ನಕ್ಕಳು. ಹಲ್ಲು ಸ್ವಲ್ಪ ಮುಂದಿದೆ, ಚಂದ.

ಮಾರ್ಚ್ 22, ಶುಕ್ರವಾರ

ನಿನ್ನೆ ಜೋಳಿಗೆಯ ಪತ್ರಿಕೆ ತನ್ನ ವೆಬ್‌ಸೈಟಿನಲ್ಲಿ ಕರೆಯನ್ನು ಹಾಕಿತು. ಅವನು ಒಂದು ಅಕ್ಷರವೂ ಸೇರಿಸಿಲ್ಲ. 'ಕೇಳಿ' ಅಂತ ಮಾತ್ರ ಬರೆದಿದ್ದಾನೆ. ಮೊಂಡನಾದರೂ ಮನುಷ್ಯ.

ಬೆಳಗ್ಗೆ ಬಸ್ಸಿನಲ್ಲಿ ಹಿಂದಿನ ಸೀಟಿನವನು ಫೋನಿನಲ್ಲಿ ಹಾಕಿದ. "ಲೈನಲ್ಲಿರಿ." ಆಮೇಲೆ ಏನೂ ಇಲ್ಲ. ಯಾರೋ "ಏನ್ರೀ, ಸೌಂಡ್ ಹೋಯ್ತಾ?" ಅಂದರು. "ಇಲ್ಲ, ಹಂಗೇ ಇದೆ ಅದು" ಅಂದ. ಬಸ್ಸಿನಲ್ಲಿ ಮಾತು ನಿಂತಿತು. ಎದುರಿನ ಹೆಂಗಸು ಕೈಯಲ್ಲಿದ್ದ ಬಾಚಣಿಗೆಯನ್ನು ಹಾಗೇ ಹಿಡಿದಿದ್ದಳು. ನನ್ನ ಸ್ಟಾಪ್ ಬಂದರೂ ಕರೆ ಮುಗಿದಿರಲಿಲ್ಲ. ನಾನೂ ಇಳಿಯಲಿಲ್ಲ.

ವಿಚಾರಣೆಗೆ ಆದೇಶ ಆಗಿದೆ. ರಾತ್ರಿ ಪಾಳಿಗೆ ಇನ್ನೂ ಜನ ತೆಗೆದುಕೊಳ್ಳುತ್ತಾರಂತೆ. ಸಾಹೇಬರು ಟೀವಿಯಲ್ಲಿ: "ಪಾರದರ್ಶಕತೆಯೇ ನಮ್ಮ ಧ್ಯೇಯ." ಮನೆಯಲ್ಲಿ ನಮ್ಮ ಯಜಮಾನರು ಚಹಾ ಉಗುಳಿಕೊಂಡರು.

ಏಪ್ರಿಲ್ 2, ಮಂಗಳವಾರ

ಎಲ್ಲ ಸರಿಹೋಯಿತು ಅಂದುಕೊಂಡಿದ್ದೆ.

ಅಕ್ಕ ಫೋನ್ ಮಾಡಿದ್ದಳು. ದನಿ ಇಳಿದಿತ್ತು. ತಾಯಿ ಪಕ್ಕದ ಮನೆಯ ಟೀವಿಯಲ್ಲಿ ಕರೆ ಕೇಳಿಬಿಟ್ಟಿದ್ದಾರೆ. ಅದರಲ್ಲಿ ಒಂದು ಕಡೆ ಆಪರೇಟರ್ ಕೇಳುತ್ತಾಳೆ, "ನಿಮ್ಮ ತಾಯಿಗೆ ಫೋನ್ ಮಾಡ್ಲಾ?" ಆಮೇಲೆ ಮೌನ. ಆಮೇಲೆ ಆಪರೇಟರ್: "ಸರಿ. ಮಾಡಲ್ಲ ಬಿಡಿ."

"ಅಮ್ಮ ಆವತ್ತಿಂದ ಸರಿಯಾಗಿ ಊಟ ಮಾಡ್ತಿಲ್ಲ ಮೇಡಂ. ನನ್ನನ್ನ ಬೇಡ ಅಂದ್ಳಾ, ಕೊನೆಗಾಲದಲ್ಲೂ ನನ್ನ ಮೇಲೆ ಕೋಪನಾ ಅಂತ ಒಂದೇ ಸಮ. ಅವಳು ಯಾಕೆ ಬೇಡ ಅಂದ್ಳು ಅಂತ ನಂಗೆ ಗೊತ್ತು, ಹೇಳಿದೆ. ನಂಬಲ್ಲ. ನೀನು ಸಮಾಧಾನಕ್ಕೆ ಹೇಳ್ತೀಯ ಅಂತಾಳೆ."

ಆ ಜಾಗ ನನಗೂ ಗೊತ್ತು. ತಾಯಿ ಓಡಿ ಬಂದರೆ ಅವನ ಕೈಗೆ ಅವರೂ ಸಿಗುತ್ತಾರೆ. ತಂಗಿ ತಾಯಿಯನ್ನು ಉಳಿಸಿಕೊಂಡಳು, ಅಷ್ಟೆ. ಕೋಪ ಎಲ್ಲಿಯದು? ಆದರೆ ಆ ಮಾತನ್ನು ಕಿತ್ತವಳು ನಾನು. ಇಡೀ ಊರಿಗೆ ಪ್ರಶ್ನೆ ಕೊಟ್ಟೆ, ಉತ್ತರ ನನ್ನ ಪೆಟ್ಟಿಗೆಯಲ್ಲಿ.

"ಅಮ್ಮ ಫೋನ್ ಮಾಡಿ ಬೇಡ ಅಂದಾಗ್ಲೇ ಮುಚ್ಚಿದ್ರೆ ಚೆನ್ನಾಗಿತ್ತೇನೋ" ಅಂದಳು.

"ಖಂಡಿತ ಇಲ್ಲ" ಅಂದೆ. ಗದರಿದ ಹಾಗೇ ಇತ್ತು. "ಕರ್ಕೊಂಡು ಬನ್ನಿ ಅಮ್ಮನ್ನ."

"ಮೆಟ್ಟಿಲು ಹತ್ತಲ್ಲ ಅವಳು."

"ಹತ್ತಿಸೋಣ."

ಏಪ್ರಿಲ್ 5, ಶುಕ್ರವಾರ, ಮಧ್ಯಾಹ್ನ

ಆಫೀಸಿನಲ್ಲೇ ಬರೆಯುತ್ತಿದ್ದೇನೆ. ಇವತ್ತು ಬೇರೆ ಕೆಲಸ ಆಗುವುದಿಲ್ಲ.

ನಿನ್ನೆ ಉಲ್ಟಾ ಕತ್ತರಿಸಿದೆ. ಜೀವನದಲ್ಲಿ ಮೊದಲ ಸಲ. ಕೂಗು, ಆಪರೇಟರ್, ಟಕಟಕ ಎಲ್ಲ ತೆಗೆದು, ಆ ಒಂದು ಉತ್ತರವನ್ನು ಮಾತ್ರ ಇಟ್ಟೆ. ತಂಗಿಯ ದನಿ. ಪಿಸುಮಾತು, ಆದರೆ ನಡುಕ ಇಲ್ಲ. ಅಕ್ಕನ ದನಿಯೇ ಅದು, ಸ್ವಲ್ಪ ಎಳೆಯದು. ಈಗ ಗೊತ್ತಾಯಿತು ಆ ಮನೆಯ ಹೆಣ್ಣುಮಕ್ಕಳ ಗಟ್ಟಿತನ ಎಂಥದ್ದು ಅಂತ.

ತಾಯಿ ಬಂದರು. ಪ್ರತಿ ಮೆಟ್ಟಿಲಿಗೂ ನಿಂತು. ಅಕ್ಕ ಒಂದು ಮೆಟ್ಟಿಲು ಕೆಳಗೆ, ಹಿಂದೆಯೇ, ಮುಟ್ಟದೆ. "ನಿಧಾನಕ್ಕಮ್ಮ. ಹಿಂದೆ ಯಾರೂ ಹಾರ್ನ್ ಹೊಡೀತಿಲ್ಲ." ಆ ಹೊತ್ತಿನಲ್ಲೂ ತಾಯಿಯ ತುಟಿ ಒಂಚೂರು ಅರಳಿತು.

ಸಣ್ಣ ಜೀವ. ಹೆಡ್‌ಫೋನ್ ದೊಡ್ಡದಾಯಿತು, ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡರು. "ಕೂಗು ಇಲ್ವಲ್ಲಮ್ಮ ಇದ್ರಲ್ಲಿ?" ಅಂದರು. ಇಲ್ಲ ಅಂದೆ. "ಅವಳೊಬ್ಳೇ ತಾನೆ?" ಅವಳೊಬ್ಬಳೇ ಅಂದೆ.

ಒತ್ತಿದೆ.

ಅಕ್ಕ ಗೋಡೆಗೆ ಒರಗಿ ನಿಂತಿದ್ದಳು. ಬಲಗಾಲು ನೋಡಿದೆ. ಒತ್ತುತ್ತಿರಲಿಲ್ಲ.

ಮುಗಿದ ಮೇಲೆ ತಾಯಿ, "ಇನ್ನೊಂದ್ಸಲ" ಅಂದರು. ಹಾಕಿದೆ. ಮತ್ತೆ ಕೇಳಲಿಲ್ಲ. ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟು ಸವರಿದರು, ಮಗುವಿನ ತಲೆ ಸವರುವ ಹಾಗೆ. ಅಕ್ಕನನ್ನು ಹತ್ತಿರ ಕರೆದು, ಕೈ ಹಿಡಿದುಕೊಂಡು, ಒಂದು ಮಾತು ಹೇಳಿದರು. ಅಕ್ಕ ಅತ್ತಳು. ಮೊದಲ ಸಲ, ಗಟ್ಟಿಯಾಗಿ, ಹೊರಗಿನ ಕೌಂಟರಿನವರೆಲ್ಲ ತಿರುಗಿ ನೋಡುವ ಹಾಗೆ. ನಾನು ಪರದೆ ಎಳೆದೆ.

ಆ ಮಾತು ಮರೆಯುವ ಮುಂಚೆ ಬರೆದಿಡಬೇಕು ಅಂತಲೇ ಈ ಪುಸ್ತಕ ತೆಗೆದದ್ದು. ತಾಯಿ ಅಂದದ್ದು ಇಷ್ಟೇ — ಬೇಡ, ಆ ದನಿಯೂ ಅವರ ಮನೆಯದು, ಇಲ್ಲಿ ಅಷ್ಟು ಜಾಗ ಖಾಲಿಯೇ ಇರಲಿ.