ಮಾಲೀಕರು: ಅಕ್ಕಯಮ್ಮ

ಅಂಬರೀಶ,

ನಮ್ಮ ಚಕ್ಕೋತದ ವೆಬ್‌ಸೈಟಿಗೆ ಅಜ್ಜಿಯ ಹೆಸರೇ ಸಿಗುತ್ತದೆ. ನಿನ್ನೆ ಮೂರು ಸಲ ಹುಡುಕಿ ಖಚಿತ ಮಾಡಿಕೊಂಡೆ. ‘ಅಕ್ಕಯಮ್ಮ ಚಕ್ಕೋತ’ ಎಂಬ ವಿಳಾಸವನ್ನು ಇಡೀ ಭೂಮಿಯ ಮೇಲೆ ಯಾರೂ ತೆಗೆದುಕೊಂಡಿಲ್ಲ. ನಾವು ತೆಗೆದುಕೊಂಡು ವರ್ಷವರ್ಷ ನವೀಕರಿಸುತ್ತಿದ್ದರೆ ಇನ್ಯಾರಿಗೂ ಅದು ಸಿಗುವುದಿಲ್ಲ. ಕುಂದಾಣದ ಈ ಅಡುಗೆಮನೆಯಲ್ಲಿ ಅದನ್ನು ಮತ್ತೆ ಮತ್ತೆ ಓದಿದೆ.

ಇವತ್ತೇ ನೋಂದಾಯಿಸು. ಹೋಸ್ಟಿಂಗ್‌ಗೆ ಎಲ್ಲಕ್ಕಿಂತ ಸಣ್ಣ ಪ್ಲಾನ್ ಸಾಕು, ನಮ್ಮದು ನಾಲ್ಕೇ ಪುಟ.

ನೀನು ತುಂಬಿಟ್ಟ ಅರ್ಜಿಯಲ್ಲಿ ಮಾಲೀಕರ ಜಾಗದಲ್ಲಿ ನಿನ್ನ ಹೆಸರಿದೆ. ಗಿಡ ನೆಟ್ಟು ನೀರು ಹೊತ್ತವರು ಅಜ್ಜಿ. ತೋಟದ ಪಹಣಿಯಲ್ಲಿ ಮೊದಲು ತಾತನ ಹೆಸರು ಬಂತು, ಆಮೇಲೆ ಅಪ್ಪನದು. ನೀನೂ ಅದೇ ಅಭ್ಯಾಸದಲ್ಲಿ ಬರೆದಿದ್ದೀಯ. ತಿದ್ದು. ಓಟಿಪಿ ಅಜ್ಜಿಯ ಫೋನಿಗೇ ಬರಲಿ, ಚಾರ್ಜಿಗೆ ಹಾಕಿದ್ದೇನೆ.

ಬೆಳಿಗ್ಗೆ ವಿಷಯ ಹೇಳಿದಾಗ ಅಜ್ಜಿ ರಾಗಿ ಕೇರುತ್ತಿದ್ದ ಮೊರವನ್ನು ಕೆಳಗಿಟ್ಟು, “ಪಾಣೀಲೇ ಬರ್ಲಿಲ್ಲ ನನ್ ಹೆಸ್ರು, ಲೋಕಕ್ಕೆಲ್ಲ ಕಾಣೋ ಕಡೆ ಬತ್ತದೇನವ್ವ?” ಎಂದು ಕೇಳಿದರು. ಬರುತ್ತದೆ ಎಂದು ಹೇಳಿ ಕೆಲಸಕ್ಕೆ ಹೊರಟಿದ್ದೇನೆ. ಸಂಜೆ ನಾನು ಬಸ್ಸಿಳಿಯುವಷ್ಟರಲ್ಲಿ ಆ ಮಾತು ನಿಜವಾಗಿರಬೇಕು.

ಅಕ್ಕ, ರೂಪ