ಅವ್ವ ನೇಯುತ್ತಿದ್ದ ಹೊಟ್ಟೆಪಟ್ಟಿ

ಮಹಾಲಿಂಗಪುರ
೧೭ ಜನವರಿ ೨೦೦೪

ಮುದ್ದಿನ ದಾನಿಗೆ,

ನಿನ್ನ ಅಕ್ಕ ರಾಜಿ ಇಲ್ಲಿ ಚೆನ್ನಾಗಿದ್ದಾಳೆ ಎಂದು ಬರೆಯುವುದು ವಾಡಿಕೆ. ಅದು ಎಷ್ಟು ಖರೆ ಎಂದು ಪತ್ರ ಓದಿ ನೀನೇ ಹೇಳು. ಸಂಕ್ರಾಂತಿ ಮುಗಿದ ಮೇಲೆ ಕುಸುರೆಳ್ಳು ಕಳಿಸುತ್ತಿದ್ದೇನೆ, ಬೈಯಬೇಡ. ನಿನ್ನ ಪತ್ರ ಬಂದು ಬಹಳ ದಿನವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಒಂದೋ ಪುಟ್ಟಿ ಅಳುತ್ತಾಳೆ, ಇಲ್ಲವೇ ನಾನು ಅಳುತ್ತೇನೆ. ಫೋನು ಮಾಡಬಹುದಿತ್ತು. ಆದರೆ ನಿಮ್ಮ ಮನೆಯ ಫೋನು ನಿನ್ನ ಅತ್ತೆಯ ದಿಂಬಿನ ಪಕ್ಕದಲ್ಲಿದೆ, ಇದು ಅವರು ಕೇಳುವ ಮಾತಲ್ಲ.

ಪುಟ್ಟಿಗೆ ಆರು ತಿಂಗಳು ತುಂಬಿತು. ಕೆಳಗೆ ಎರಡು ಹಲ್ಲು ಮೂಡಿವೆ, ಸಿಕ್ಕಿದ್ದನ್ನೆಲ್ಲ ಕಚ್ಚುತ್ತಾಳೆ. ನಿನ್ನ ಭಾವನಿಗೆ ಬೆಲ್ಲದ ಸುಗ್ಗಿ, ಅಂಗಡಿಯೇ ಮನೆಯಾಗಿದೆ. ಬೀಳಗಿ ಕಡೆಯ ನಿಮ್ಮ ಹೊಸ ಊರಲ್ಲಿ ಈಗಲಾದರೂ ಬೇವಿನ ಗಿಡಗಳು ನೆರಳು ಕೊಡುತ್ತಿವೆಯೇ? ಹಳೆಯ ಮನೆ ಹಿನ್ನೀರಿನಲ್ಲಿ ಮುಳುಗಿದ್ದಕ್ಕೆ ನಿನ್ನ ಮಾವ ಇನ್ನೂ ಹೊಳೆಗೆ ಬೈಯುತ್ತಾರಂತಲ್ಲ, ಅವರಿಗೆ ನನ್ನ ನಮಸ್ಕಾರ ತಿಳಿಸು.

ನೀನು ಪತ್ರದಲ್ಲಿ ಎರಡು ಮಾತು ಬರೆದಿದ್ದೆ. ಒಂದು, "ಅಕ್ಕಾ, ಹಡದ ಮ್ಯಾಲೆ ಮೈ ಮೊದಲಿನಂಗ ಆಗತೈತೇನು? ಖರೆ ಹೇಳು." ಇನ್ನೊಂದು, "ಅವ್ವ ನನ್ನ ಬಸರಿ ಕುಬಸಕ್ಕ ಬರಲಿಲ್ಲ. ಮೊಣಕಾಲ ನೋವಂತ. ನನ್ನ ಮ್ಯಾಲೆ ಅಕಿಗೆ ಕರುಳಿಲ್ಲ." ಎರಡಕ್ಕೂ ಉತ್ತರ ಒಂದೇ ಎಂದು ನಿನಗೆ ಗೊತ್ತಿಲ್ಲ. ಹೋದ ವಾರದವರೆಗೆ ನನಗೂ ಗೊತ್ತಿರಲಿಲ್ಲ.

ಮೊದಲ ಪ್ರಶ್ನೆಗೆ ಹೇಳುತ್ತೇನೆ. ಆಗುವುದಿಲ್ಲ ದಾನಿ. ನನ್ನ ಪಾದ ಬೆಳೆದಿದೆ. ನಗಬೇಡ, ಮದುವೆಯ ಚಪ್ಪಲಿ ಈಗ ಹಿಮ್ಮಡಿಯವರೆಗೂ ಸಾಲುವುದಿಲ್ಲ. ತಲೆಕೂದಲು ಹಣಿಗೆಗೆ ಹಿಡಿಹಿಡಿಯಾಗಿ ಬಂತು. ನಾನು ಜಡೆಯ ಬಗ್ಗೆ ಎಷ್ಟು ಸೊಕ್ಕು ಮಾಡುತ್ತಿದ್ದೆ, ನೆನಪಿದೆಯಲ್ಲ? ಈಗ ಅದು ಇಲಿಯ ಬಾಲ. ಹೊಟ್ಟೆಯ ಮೇಲೆ ಬಿಳಿ ಗೆರೆಗಳು. ಒಮ್ಮೆ ಬಸ್ಸಿನಲ್ಲಿ ಒಬ್ಬ ಮುದುಕಿ ಎದ್ದು ನನಗೆ ಜಾಗ ಬಿಟ್ಟು, "ಕೂಡ ಯವ್ವಾ, ಎಷ್ಟು ತಿಂಗಳು?" ಎಂದಳು. "ಐದು" ಎಂದೆ. ಪುಟ್ಟಿಗೆ ಆಗ ಅಷ್ಟೇ ಆಗಿತ್ತಲ್ಲ! ಕೂತುಕೊಂಡೇ ಬಂದೆ. ಸೀನಿದರೆ, ಜೋರಾಗಿ ನಕ್ಕರೆ ಸೀರೆ ಒದ್ದೆಯಾಗುತ್ತದೆ. ಇದನ್ನು ಯಾರೂ ನನಗೆ ಹೇಳಿರಲಿಲ್ಲ. ತುಪ್ಪ ಎಷ್ಟು ತಿನ್ನಬೇಕು ಎಂದು ಊರೆಲ್ಲ ಹೇಳಿತು, ಇದನ್ನು ಮಾತ್ರ ಒಬ್ಬಳೂ ಹೇಳಲಿಲ್ಲ.

ಇಷ್ಟನ್ನೆಲ್ಲ ನಗುತ್ತ ಸಹಿಸಿದ್ದೆ. ಹೋದ ತಿಂಗಳು ಪಡಸಾಲೆಯಲ್ಲಿದ್ದ ಬೆಲ್ಲದ ಭಾರದ ಪೆಂಟಿಯನ್ನು, ಇಡೀ ಉಂಡೆಯನ್ನು, ಅಡುಗೆಮನೆಗೆ ಎತ್ತಿಕೊಂಡು ಹೊರಟಿದ್ದೆ. ಒಳಗೆ ಏನೋ ಸಡಿಲವಾಗಿ ಜಾರಿತು. ಪೆಂಟಿ ಅಲ್ಲೇ ಕೆಡವಿ ಬಚ್ಚಲಿಗೆ ಹೋಗಿ ಕೈಯಿಟ್ಟು ನೋಡಿದೆ. ಬೆಚ್ಚಗಿನ, ಮೆತ್ತಗಿನ ಗಡ್ಡೆಯಂಥದು ಮೈಯ ಬಾಗಿಲಿಗೆ ಬಂದು ನಿಂತಿತ್ತು. ಕೈ ಹಿಂದಕ್ಕೆಳೆದುಕೊಂಡೆ. ನನ್ನ ಒಡಲೇ ಕಳಚಿ ಬೀಳುತ್ತಿದೆ, ನಾನಿನ್ನು ಉಳಿಯುವುದಿಲ್ಲ ಎಂದುಕೊಂಡೆ. ಹೊರಗೆ ಪುಟ್ಟಿ ಅಳುತ್ತಿದ್ದಳು. ಎದ್ದು ಹೋಗಿ ಎತ್ತಿಕೊಳ್ಳಲು ಹೆದರಿಕೆ. ತಾಯಿಗೆ ಮಗಳನ್ನು ಎತ್ತಿಕೊಳ್ಳಲು ಹೆದರಿಕೆಯಾಗುವುದೆಂದರೆ ಏನೆಂದು ಯಾರಿಗೆ ಹೇಳಲಿ?

ನಿನ್ನ ಭಾವನಿಗೆ ಹೇಳಿದೆ. "ಡಾಕ್ಟರ್ ಹಂತ್ಯಾಕ ಹೋಗಿ ಬಾ" ಎಂದರು. ಹೋದ ವಾರ ಜಮಖಂಡಿಯಲ್ಲಿ ಒಬ್ಬ ಹೆಣ್ಣು ಡಾಕ್ಟರಿಗೆ ತೋರಿಸಿದೆ. ಆಕೆ ಗಾಬರಿಯಾಗಲಿಲ್ಲ. "ಗರ್ಭಕೋಶ ಸ್ವಲ್ಪ ಕೆಳಗ ಜಾರೇತಿ. ಭಾಳ ಮಂದಿಗೆ ಆಗತೈತಿ, ಹೇಳಂಗಿಲ್ಲ ಅಷ್ಟ" ಎಂದರು. ಬೇಗ ಬಂದಿದ್ದು ಒಳ್ಳೆಯದಾಯಿತಂತೆ. ಭಾರ ಎತ್ತಬಾರದು, ಉಚ್ಚೆ ತಡೆಹಿಡಿದಂತೆ ಬಿಗಿಹಿಡಿದು ಬಿಡುವ ವ್ಯಾಯಾಮವನ್ನು ದಿನವೂ ಮಾಡಬೇಕು. ಆಮೇಲೆ ಕೇಳಿದರು: "ಹಡದ ಮ್ಯಾಲೆ ಹೊಟ್ಟಿ ಕಟ್ಟಿದ್ರೇನು?"

"ಹೂಂರಿ. ನಮ್ಮವ್ವ ಕಟ್ಟಿದ್ಲು. ಉಸಿರು ಬಿಡಾಕ ಬರದಂಗ" ಎಂದು ಹೆಮ್ಮೆಯಿಂದಲೇ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. "ಮ್ಯಾಲಿಂದ ಅಷ್ಟು ಬಿಗಿದ್ರ ಒಳಗಿಂದು ಎಲ್ಲಿಗೆ ಹೋಗಬೇಕ್ರಿ? ಕೆಳಗ ಹೋಗತೈತಿ. ಅದೊಂದ ಕಾರಣ ಅಲ್ಲ, ಆದ್ರ ಸಡಿಲಾದ ಮೈಗೆ ಅದು ಛಲೋ ಅಲ್ಲ" ಎಂದರು.

ನನಗೆ ತಕ್ಷಣ ನಿನ್ನ ನೆನಪಾಯಿತು. ಏಕೆಂದರೆ ಅವ್ವ ನಿನಗಾಗಿ ಹೊಟ್ಟೆಪಟ್ಟಿ ನೇಯಲು ಶುರುಮಾಡಿದ್ದಳು. ಬನಹಟ್ಟಿಯಲ್ಲಿ ನಮ್ಮ ಓಣಿಯ ಯಾವ ಬಾಣಂತಿಗೂ ಅಂಗಡಿಯ ಬಟ್ಟೆ ಕಟ್ಟಿದ್ದಿಲ್ಲ, ನಿನಗೆ ಗೊತ್ತು. ನಾಲ್ಕು ಎಳೆ ಹೊಸೆದ ನೂಲಿನಲ್ಲಿ ಹಳೆಯ ಕುಣಿಮಗ್ಗದ ಮೇಲೆ ಅವ್ವನೇ ನೇಯಬೇಕು, ಅವ್ವನೇ ಸೊಂಟಕ್ಕೆ ಮೊಣಕಾಲು ಕೊಟ್ಟು ಬಿಗಿಯಬೇಕು. "ಹಾಸು ನೂಲು ಸಡಿಲಿದ್ರ ಸೀರಿ ಕೆಡತೈತಿ, ಹೊಟ್ಟಿ ಸಡಿಲಿದ್ರ ಹೆಂಗಸು ಕೆಡತಾಳ" ಎನ್ನುತ್ತಾಳಲ್ಲ ಯಾವಾಗಲೂ! ಮುಂದಿನ ತಿಂಗಳು ನೀನು ಹೆರಿಗೆಗೆ ಬಂದರೆ ನಿನಗೂ ಅದೇ ಬಿಗಿತ. ಮನೆಗೆ ಹೋಗದೆ ಪುಟ್ಟಿಯ ಸಮೇತ ನೇರ ಬನಹಟ್ಟಿಯ ಬಸ್ಸು ಹತ್ತಿದೆ.

ನಾನು ಹೋದಾಗ ಕರೆಂಟು ಹೋಗಿತ್ತು. ಓಣಿಯ ಪವರ್‌ಲೂಮ್‌ಗಳೆಲ್ಲ ನಿಂತು, ಮಾತು ಕಿವಿಗೆ ಕೇಳುವ ಹೊತ್ತು. ಅಪ್ಪ ನೂಲು ತರಲು ರಬಕವಿಗೆ ಹೋಗಿದ್ದ. ಅವ್ವ ಕುಣಿಯಲ್ಲಿ ಕಾಲು ಇಳಿಬಿಟ್ಟು ನಿನ್ನ ಪಟ್ಟಿ ನೇಯುತ್ತಿದ್ದಳು. ಅವಳ ಪಕ್ಕದಲ್ಲಿ ಕೂತು ನನಗಾದದ್ದನ್ನು ಹೇಳಿದೆ. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ.

ಅವ್ವ ಗಾಬರಿಯಾಗಲೇ ಇಲ್ಲ. ಲಾಳಿ ಒಗೆಯುತ್ತ, "ಇಷ್ಟಕ್ಕ ಅಳತಾರೇನ ಬೇ? ನನಗೂ ಐತಲ್ಲ" ಎಂದಳು.

"ಏನೈತಿ?"

"ಅದ. ಜಾರಿದ್ದು."

"ಯಾವಾಗಿಂದ ಯವ್ವಾ?"

"ನೀ ಹುಟ್ಟಿದಾಗಿಂದ. ನಿನ್ನಷ್ಟ ವಯಸ್ಸು ಅದಕ್ಕ."

ದಾನಿ, ನನ್ನಷ್ಟು ವಯಸ್ಸು! ನಾನು ಶಾಲೆಗೆ ಹೋಗುತ್ತಿದ್ದಾಗ, ನೀನು ತೊಟ್ಟಿಲಲ್ಲಿದ್ದಾಗ, ನಮ್ಮ ಮದುವೆಗಳಲ್ಲಿ ಅವಳು ಕೊಡಗಟ್ಟಲೆ ನೀರು ಹೊರುತ್ತಿದ್ದಾಗ, ಎಲ್ಲ ಕಾಲದಲ್ಲೂ ಅದು ಇತ್ತು. ಬಾಣಂತನ ಮುಗಿಯುವ ಮೊದಲೇ ಅಪ್ಪನ ಅವ್ವ ಅವಳನ್ನು ಮಗ್ಗಕ್ಕೆ ಕೂಡಿಸಿದ್ದಳಂತೆ. ಹಳೆಯ ಬಟ್ಟೆಯನ್ನು ಉಂಡೆ ಕಟ್ಟಿ ಒಳಗಿಟ್ಟು, ಮೇಲೆ ಲಂಗೋಟಿ ಬಿಗಿದುಕೊಳ್ಳುತ್ತಾಳಂತೆ. ದಿನವೂ! ಮದುವೆಮನೆಗಳಲ್ಲಿ ಪಂಕ್ತಿಯಲ್ಲಿ ಕೂರದೆ ನಿಂತೇ ಇರುತ್ತಿದ್ದಳಲ್ಲ, ಶಿವವ್ವನಿಗೆ ಸೊಕ್ಕು ಎಂದು ಮಂದಿ ಆಡಿಕೊಳ್ಳುತ್ತಿದ್ದರಲ್ಲ. ಕಾಲು ಮಡಚಿ ನೆಲಕ್ಕೆ ಕೂತರೆ ನೋವು, ಅದಕ್ಕೇ.

"ದಾನಿ ಕುಬಸಕ್ಕ ಹೊಂಟಿದ್ನಿ. ಸೀರಿ ಉಟಗೊಂಡು ಬಸ್ಸಿನ್ಯಾಗ ಲೋಕಾಪುರ ತನಕಾ ಹೋಗಿದ್ನಿ. ಆ ಕುಲಕಾಟಕ್ಕ ರಕ್ತ ಬಂತು. ಇಳದು ತಿರುಗಿ ಬಂದ್ನಿ. ಅಕಿಗೆ ಹೇಳಬ್ಯಾಡ, ಹೊಟ್ಟ್ಯಾಗ ಕೂಸೈತಿ, ಹೆದರತಾಳ" ಎಂದಳು. ನಾನು ಹೇಳುತ್ತಿದ್ದೇನೆ. ಅವಳಿಗೆ ನಿನ್ನ ಮೇಲೆ ಕರುಳಿಲ್ಲ ಎಂದು ನೀನು ತಿಳಿದಿರುವುದನ್ನು ನನ್ನಿಂದ ಸಹಿಸಲಾಗದು.

"ಅಪ್ಪಗ ಗೊತ್ತೈತೇನು?" ಎಂದು ಕೇಳಿದೆ.

ಅವ್ವ ನಕ್ಕಳು. "ನಿಮ್ಮಪ್ಪ ಮಗ್ಗದ ಮನ್ಯಾಗ ಯಾಕ ಮಲಗತಾನ ಅಂತ ತಿಳಿದೀ? ಮಗ್ಗೇನ ಓಡಿ ಹೋಗತಾವು?"

ನಾವಿಬ್ಬರೂ ಅಪ್ಪನನ್ನು ಎಷ್ಟು ಕಾಡಿಸುತ್ತಿದ್ದೆವು, ಮಗ್ಗಗಳೇ ನಿನ್ನ ಹೆಂಡಂದಿರು ಎಂದು! ಅವ್ವ ಅಲ್ಲೇ ರೊಟ್ಟಿ ಬಡಿಯುತ್ತ ಕೇಳಿಸಿಕೊಳ್ಳುತ್ತಿದ್ದಳು.

ಆಮೇಲೆ ಹೇಳಲಾರದ್ದನ್ನು ಹೇಳಿದೆ. ಬಿಗಿ ಕಟ್ಟುವುದು ಛಲೋ ಅಲ್ಲ ಎಂದು ಡಾಕ್ಟರು ಹೇಳಿದ್ದನ್ನು. ಲಾಳಿ ಅವಳ ಕೈಯಲ್ಲೇ ಉಳಿಯಿತು. ಅದುವರೆಗೆ ಗಟ್ಟಿಯಾಗಿದ್ದ ಮುಖ ಇಳಿಯಿತು. "ಹಂಗಾರ ನಾ ಕಟ್ಟಿದವರಿಗೆಲ್ಲ?" ಎಂದಳು. "ಹೊಳಬಸಪ್ಪನ ಸೊಸಿ? ಆ ಜಕ್ಕಪ್ಪನ ಮಗಳು? ನಿನಗ?" ನಾನು, ಅದೊಂದೇ ಕಾರಣ ಅಲ್ಲ ಯವ್ವಾ, ಭಾರ ಎತ್ತುವುದೂ ಕಾರಣ ಎಂದು ಮತ್ತೆ ಮತ್ತೆ ಹೇಳಿದೆ. ಅವಳಿಗೆ ಕೇಳಿಸಲಿಲ್ಲ. ತನ್ನ ಮೈಯ ನೋವಿಗೆ ಅಳದವಳು ಈಗ ಸೆರಗು ಬಾಯಿಗೆ ಒತ್ತಿಕೊಂಡಳು. "ಛಲೋ ಆಗಲಿ ಅಂತ ಕಟ್ಟಿದ್ನಿ" ಎಂದಷ್ಟೇ ಹೇಳಿದಳು.

ಕರೆಂಟು ಬಂತು. ಓಣಿಯೆಲ್ಲ ಖಟಾಖಟಿ ಶುರುವಾಯಿತು. ಅವ್ವ ಕಣ್ಣೊರೆಸಿಕೊಂಡು ಅರ್ಧ ನೇಯ್ದ ಪಟ್ಟಿಯನ್ನು ಮಗ್ಗದಿಂದ ಕತ್ತರಿಸಿ ನನ್ನ ಕಿವಿಯ ಬಳಿ ಕೂಗಿದಳು: "ಕೂಸಿನ ತಲಿಗೆ ಕುಂಚಿಗಿ ಹೊಲಿತೀನಿ!"

ಈಗ ನಿನ್ನ ಕೆಲಸ ಕೇಳು. ತಿಂಗಳು ಕಾಯಬೇಡ, ಬೇಗ ಬಾ. ಈ ವಯಸ್ಸಿನಲ್ಲಿ ಯಾರಿಗೆ ತೋರಿಸಲಿ ಎಂದು ಅವ್ವ ಹಟ ಹಿಡಿದಿದ್ದಾಳೆ. ಕೊನೆಗೆ, "ದಾನಿನ್ನ ತೋರಿಸಾಕ ಹೋದಾಗ ನಾನೂ ಬರ್ತೀನಿ" ಎಂದಳು. ಹೆಚ್ಚು ಜಾರಿದವರಿಗೂ ಔಷಧೋಪಚಾರವಿದೆ ಎಂದು ಡಾಕ್ಟರು ಹೇಳಿದ್ದಾರೆ. ಮಾತು ಬದಲಿಸುವ ಮೊದಲು ಅವಳನ್ನು ಜಮಖಂಡಿಗೆ ಕರೆದೊಯ್ಯೋಣ, ಬಸ್ಸಿನಲ್ಲಿ ಅಲ್ಲ, ಜೀಪು ಮಾಡಿಸೋಣ. ನೀನು ಹೆದರಬೇಡ. ಎಲ್ಲರಿಗೂ ಹೀಗಾಗುವುದಿಲ್ಲ. ಆದರೆ ಏನಾದರೂ ಆದರೆ ಮುಚ್ಚಿಡಬೇಡ. ನಮ್ಮ ಮನೆಯಲ್ಲಿ ಮುಚ್ಚಿಟ್ಟಿದ್ದು ಸಾಕು.

ಪುಟ್ಟಿಯ ಎರಡು ಹಲ್ಲಿನ ಮುತ್ತು ನಿನ್ನ ಹೊಟ್ಟೆಗೆ. ನೀನು ಸುಸೂತ್ರವಾಗಿ ಹಡೆದು, ಎದ್ದು ನಡೆದಾಡು, ಸೀರೆ ಒದ್ದೆಯಾಗದಂತೆ ಗಟ್ಟಿಯಾಗಿ ನಗು.

ನಿನ್ನ ಅಕ್ಕ,
ರಾಜೇಶ್ವರಿ

ತಾ.ಕ.: ಓದಿದ ಮೇಲೆ ಒಲೆಗೆ ಹಾಕು. ಒಂದು ಮಾತು ಮೇಲೆ ಬರೆಯಲು ಕೈ ಬರಲಿಲ್ಲ. ನಾನು ಹೊರಟಾಗ ಅವ್ವ ಹೊಸ್ತಿಲಲ್ಲಿ ನಿಲ್ಲಿಸಿ, "ನಿನ್ನ ಗಂಡ ಎಲ್ಲಿ ಮಲಗತಾನ?" ಎಂದು ಕೇಳಿದಳು. "ಮನ್ಯಾಗ, ಮತ್ತೆಲ್ಲಿ?" ಎಂದೆ. ಸುಳ್ಳು, ದಾನಿ. ನನಗಾದದ್ದನ್ನು ಹೇಳಿದ ದಿನವೇ ನಿನ್ನ ಭಾವ ಹಾಸಿಗೆ ಸುತ್ತಿಕೊಂಡು ಅಂಗಡಿಗೆ ಹೋದರು, ಬೆಲ್ಲ ಕಾಯಬೇಕು ಎಂದು. ಅವ್ವ ನನ್ನ ಸೆರಗು ಸರಿಪಡಿಸಿದಳು. ಆಮೇಲೆ, "ನಾನೂ ನಮ್ಮವ್ವಗ ಹಂಗ ಅಂದಿದ್ನಿ" ಎಂದಳು.