ಆಮೆ ಚಿತ್ರದ ಮಳಿಗೆ

ಭಾನುವಾರ, ಮಧ್ಯಾಹ್ನ

ನನ್ನ ಗುಬ್ಬಿಗೆ,

ಮೊದಲು ನಿನ್ನ ಬೈಗುಳಕ್ಕೆ ಉತ್ತರ ಕೊಟ್ಟುಬಿಡುತ್ತೇನೆ. ಕಾಗದ ಬರೆಯದ ಅಮ್ಮನಿಗೆ ಕೈ ಬಿದ್ದುಹೋಗಿದೆಯಾ ಎಂದು ಕೇಳಿದ್ದೀಯ. ಕೈ ಕಲ್ಲುಗುಂಡಿನಂತೆ ಗಟ್ಟಿಯಾಗಿದೆ, ಬೆಳಗ್ಗೆಯಷ್ಟೇ ಒಂದು ಮುದಿ ಕೊಡೆಗೆ ಹೊಸ ಕಡ್ಡಿ ಹಾಕಿ ಅದನ್ನು ಯೌವನಕ್ಕೆ ತಂದೆ. ಬರೆಯಲು ವಿಷಯ ಇರಲಿಲ್ಲ ಎಂದೂ ಅಲ್ಲ. ನಾನು ಕಂಡದ್ದನ್ನು ಎಲ್ಲಿಂದ ಹಿಡಿದು ಹೇಳಬೇಕೋ ತಿಳಿಯದೆ ಬೆಪ್ಪಾಗಿ ಕೂತಿದ್ದೆ. ಈ ವಯಸ್ಸಿಗೆ ನನ್ನನ್ನು ಬೆಪ್ಪಾಗಿಸುವಂಥದ್ದು ಇನ್ನೇನೂ ಉಳಿದಿಲ್ಲ ಅಂದುಕೊಂಡಿದ್ದೆ ನೋಡು.

ಸುಟ್ಟುಹೋಗಿದ್ದ ನಮ್ಮ ಮಾರುಕಟ್ಟೆ ಮತ್ತೆ ಎದ್ದಿದೆ. ಗೋಡೆ ಕಟ್ಟುವುದು ದೊಡ್ಡ ವಿಷಯವಲ್ಲ, ಅದಕ್ಕೆ ಮೇಸ್ತ್ರಿ ಇದ್ದಾನೆ. ಹೇಗೆ ಎದ್ದಿತು ಅನ್ನುವುದೇ ವಿಷಯ.

ಎರಡು ದಡದವರ ನಡುವೆ ಗುಂಡಿನ ಸದ್ದು ನಿಂತ ಮೇಲೆ ಪರಿಹಾರ ಕಚೇರಿಯವರು ಬಂದು, ಕಟ್ಟುವ ಖರ್ಚು ನಮ್ಮದು, ಆದರೆ ಹೊಳೆಯ ಎರಡೂ ದಡದವರು ಕೂತು ಒಂದೇ ನಕ್ಷೆ ಮಾಡಿಕೊಡಿ ಎಂದರು. ಒಂದೇ ನಕ್ಷೆಯಂತೆ! ನಮ್ಮ ದಡದವರು ಬರೆದದ್ದರಲ್ಲಿ ಆಚೆಯವರೆಲ್ಲ ಚರಂಡಿಯ ಪಕ್ಕ ಸಾಲಾಗಿ ಕೂತಿದ್ದರು. ಆಚೆಯವರು ಬರೆದದ್ದರಲ್ಲಿ ನಮಗೆ ಮಧ್ಯಾಹ್ನದ ಬಿಸಿಲೆಲ್ಲ ಉಚಿತ. ನಾನೂ ಏನು ಕಡಿಮೆಯವಳಲ್ಲ. ಸಮಿತಿಯಲ್ಲಿ ನನ್ನನ್ನು ಸೇರಿಸಿದ್ದೇ ತಡ, ಬಾಗಿಲ ಬಳಿಯ ಮೂಲೆ ನಮ್ಮದು, ನಿಮ್ಮಪ್ಪ ಕೊಡೆ ಹರಡಿಕೊಂಡು ಕೂರುತ್ತಿದ್ದ ಜಾಗ, ಅದನ್ನು ಬಿಟ್ಟು ಬೇರೆ ಏನು ಬೇಕಾದರೂ ಮಾತಾಡಿ ಎಂದು ಪಟ್ಟು ಹಿಡಿದೆ. ಕ್ಷೌರದಂಗಡಿಯ ಕತ್ತರಿ ಇದ್ದಾನಲ್ಲ, ನೀನು ಊರು ಬಿಟ್ಟಾಗ ಹೇಗಿದ್ದನೋ ಹಾಗೇ ಇದ್ದಾನೆ, ಬಾಯಿ ಮಾತ್ರ ಇನ್ನಷ್ಟು ಹರಿತವಾಗಿದೆ. ಅವನು ಮೇಜು ಗುದ್ದಿ ಗುದ್ದಿ ಅದರ ಒಂದು ಕಾಲು ಮುರಿಯಿತು.

ಆಗ ಆಚೆ ದಡದ ಹಗ್ಗದಮ್ಮ ಮಾತಾಡಿದಳು. ಹಗ್ಗ ಹೊಸೆಯುವವಳು, ನನ್ನ ವಾರಿಗೆಯವಳು, ಅಂಗೈ ಮುಟ್ಟಿದರೆ ಉಪ್ಪುಕಾಗದ. ಅಲ್ಲಿಯತನಕ ತುಟಿ ಪಿಟಕ್ ಅಂದವಳಲ್ಲ. "ಮೊದ್ಲು ಗೆರೆ ಎಳಿಯೋಣ. ಆಮೇಲೆ ಚೀಟಿ ಎತ್ತೋಣ. ಗೆರೆ ಎಳಿಯೋವಾಗ ಯಾರ ಜಾಗ ಯಾವ್ದು ಅಂತ ಯಾರಿಗೂ ಗೊತ್ತಿರಬಾರ್ದು" ಅಂದಳು. ಕತ್ತರಿ ತಕ್ಷಣ, "ಹಾಗಾದ್ರೆ ನಂಗೆ ಚರಂಡಿ ಪಕ್ಕ ಬಂದ್ರೆ?" ಅಂದ. ಅವಳು ಒಂದಿಷ್ಟೂ ದನಿ ಏರಿಸದೆ, "ಅದಕ್ಕೇ ಅಪ್ಪಾ, ಚರಂಡಿ ಪಕ್ಕ ಯಾರೂ ಕೂರದ ಹಾಗೆ ಗೆರೆ ಎಳಿ" ಅಂದಳು.

ಗುಬ್ಬಿ, ಇಷ್ಟು ಸಣ್ಣ ಮಾತು ಇಷ್ಟು ದಿನ ನಮ್ಮಲ್ಲಿ ಯಾರ ತಲೆಗೂ ಹೊಳೆದಿರಲಿಲ್ಲವಲ್ಲ ಎಂದು ನನಗೆ ನಾಚಿಕೆಯೂ ಆಯಿತು, ಮೈ ಜುಮ್ಮೆಂದಿತು ಕೂಡ.

ಆಮೇಲೆ ಶುರುವಾಯಿತು ತಮಾಷೆ. ಎಲ್ಲಿ ಕೂತವರಿಗೆ ಏನು ಕಷ್ಟ ಎಂದು ಗೊತ್ತಿಲ್ಲದೆ ಗೆರೆ ಎಳೆಯುವುದು ಹೇಗೆ? ಕೂತು ನೋಡಿದರಾಯಿತು ಎಂದು ನಾನೇ ಅಂದೆ. (ಈ ಒಂದು ಮಾತಿನ ಹೆಮ್ಮೆ ನನಗಿರಲಿ, ಕಿತ್ತುಕೊಳ್ಳಬೇಡ.) ಬೂದಿ ಬಳಿದ ಆ ಬಯಲಿನಲ್ಲಿ ಸಮಿತಿಯವರೆಲ್ಲ ಒಂದೊಂದು ಡಬ್ಬ ಬೋರಲು ಹಾಕಿಕೊಂಡು ಕೂತೆವು. ದಿನಕ್ಕೊಂದು ಜಾಗ, ಸುತ್ತು ಹಾಕಿಕೊಂಡು. ಹೋಗಿಬರುವವರು ನಮಗೆಲ್ಲ ಒಟ್ಟಿಗೇ ತಲೆ ಕೆಟ್ಟಿದೆ ಎಂದು ನಕ್ಕರು. ಕತ್ತರಿ ಚರಂಡಿಯ ಪಕ್ಕ ಮೂಗು ಹಿಡಿದು ಕೂತು ಊಟ ಮಾಡದೆ ಎದ್ದ. ಪಡುವಣದ ಸಾಲಿನಲ್ಲಿ ಕೂತ ದಿನ ನನ್ನ ಕೆನ್ನೆ ಸುಟ್ಟು ಚರ್ಮ ಎದ್ದಿತು. ಹಿಂದಿನ ಸಾಲಿನ ಕೊನೆಗೆ ಕೂತ ದಿನವಂತೂ ಒಂದು ನರಪಿಳ್ಳೆಯೂ ಆ ಕಡೆ ಸುಳಿಯಲಿಲ್ಲ. ಹಳೆಯ ಮಾರುಕಟ್ಟೆಯಲ್ಲಿ ಅಲ್ಲಿ ಪೊರಕೆ ಮಾರುತ್ತಿದ್ದ ಮುದುಕಿಯ ನೆನಪಿದೆಯಾ? ಅವಳ ಗಂಟಲು ಹುಟ್ಟಿನಿಂದಲೇ ಒಡಕು ಅಂದುಕೊಂಡಿದ್ದೆವು. ಪಾಪ, ಜನರನ್ನು ಕೂಗಿ ಕೂಗಿ ಕರೆದು ಹಾಗಾಗಿತ್ತು.

ಕೂತು ಎದ್ದ ಮೇಲೆ ನಕ್ಷೆ ತಾನಾಗಿಯೇ ಬದಲಾಗುತ್ತ ಹೋಯಿತು. ಚರಂಡಿಯನ್ನು ಗೋಡೆಯ ಆಚೆಗೆ ತಿರುಗಿಸಿ ಚಪ್ಪಡಿ ಮುಚ್ಚಿದರು. ಪಡುವಣದ ಬಿಸಿಲಿಗೆ ಅಡ್ಡವಾಗಿ ಮಾಡು ಇಳಿಯಿತು. ಒಂದು ಬಾಗಿಲಿನ ಬದಲು ಎರಡಾದವು, ದಾರಿ ಬಳಸಿಕೊಂಡು ಹೋಗುವ ಹಾಗೆ ಆಯಿತು, ಒಳಗೆ ಬಂದವರು ಎಲ್ಲರ ಮುಂದೆ ಹಾದೇ ಹೊರಗೆ ಹೋಗಬೇಕು. ಹಾಗೆ ದಾರಿ ಬಳಸಿದಾಗ ನಿಮ್ಮಪ್ಪನ ಮೂಲೆ ಮಾಯವಾಯಿತು. ಆ ಗೆರೆ ಎಳೆದಾಗ ಕಣ್ಣಲ್ಲಿ ನೀರು ಬಂತು. ಆದರೆ ಯಾರ ಮೇಲೂ ಸಿಟ್ಟು ಬರಲಿಲ್ಲ. ಸಿಟ್ಟು ಯಾಕೆ ಬರಲಿಲ್ಲ ಎಂದು ಮನೆಗೆ ಬಂದು ಬಹಳ ಹೊತ್ತು ಯೋಚಿಸಿದೆ.

ಇಷ್ಟರವರೆಗೆ ಸುಖವಾಗಿತ್ತು. ಕಷ್ಟದ್ದು ಈಗ ಬರುತ್ತದೆ, ಕಾಗದ ಮಡಚಿ ಇಡಬೇಡ.

ಊರು ಬಿಟ್ಟುಹೋದವರಿಗೆ ಮಳಿಗೆ ಇಡಬೇಕೋ ಬೇಡವೋ ಎಂಬ ಮಾತು ಬಂತು. ಕತ್ತರಿ, "ಹೋದೋರು ಹೋದ್ರು, ಇದ್ದೋರಿಗೇ ಜಾಗ ಸಾಲ್ದು" ಅಂದ. ನಾನು ಎದ್ದು ನಿಂತು, ನನ್ನ ಮಗಳು ಮೋಜಿಗೆ ಹೋದವಳಲ್ಲ, ಯಾರದೋ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಕೂತು ಯಾರದೋ ಗಡಿಯಾರ ರಿಪೇರಿ ಮಾಡುತ್ತ ಕಣ್ಣು ಹಾಳು ಮಾಡಿಕೊಳ್ಳುತ್ತಿದ್ದಾಳೆ, ಅವಳಿಗೆ ಇಲ್ಲಿ ಜಾಗ ಬೇಕು ಎಂದು ಗುಡುಗಿದೆ. ಕತ್ತರಿಗೆ ನೀನು ಅಂದರೆ ಅಕ್ಕರೆಯೇ. "ಆಯ್ತು ಅಕ್ಕಾ, ಅವಳು ನಮ್ಮ ಹುಡುಗಿ, ಅವಳಿಗೆ ಇಡೋಣ" ಅಂದ. ಎಲ್ಲರೂ ತಲೆಯಾಡಿಸಿದರು. ಹಗ್ಗದಮ್ಮ ಮಾತ್ರ ನನ್ನನ್ನೇ ನೋಡುತ್ತ, "ನಮ್ಮೋರಿಗೆ?" ಅಂದಳು. ಅಷ್ಟೇ.

ಆ ಒಂದು ಪದದ ಹಿಂದೆ ಯಾರಿದ್ದಾರೆ ಎಂದು ನನಗೆ ಗೊತ್ತಿತ್ತು. ನೀನು ಹೆಸರೆತ್ತಬೇಡ ಎಂದದ್ದಕ್ಕೆ ಹೆಸರು ಬರೆಯುವುದಿಲ್ಲ, ಆಚೆ ದಡದ ಉಪ್ಪಿನವನು ಎಂದಷ್ಟೇ ಬರೆಯುತ್ತೇನೆ. ನಿನ್ನ ತಮ್ಮ ಗುಂಡಿನ ಸದ್ದಿಗೆ ಓಡಿ ಬಂದು ಅವನ ಅಂಗಡಿಯ ಬಾಗಿಲು ಬಡಿದ. ಒಳಗೆ ಜನ ಇದ್ದರು, ತೆರೆಯಲಿಲ್ಲ. ಆ ಹೊಸಿಲಲ್ಲೇ ಗುಂಡು ಬಿದ್ದು ಪ್ರಾಣ ಬಿಟ್ಟ. ಎದುರು ಮಹಡಿಯ ಕಿಟಕಿಯಿಂದ ಕಣ್ಣಾರೆ ಕಂಡವಳು ನೀನು. ಮರುವಾರ ನಮ್ಮವರೇ ಆ ಅಂಗಡಿಗೆ ಬೆಂಕಿ ಇಟ್ಟರು, ಆ ಮನೆಯವರೆಲ್ಲ ಉಟ್ಟ ಬಟ್ಟೆಯಲ್ಲಿ ಓಡಿದರು. ನಿನಗೆ ಜಾಗ ಕೇಳಿದ ಬಾಯಲ್ಲೇ ಅವರಿಗೂ ಕೇಳಬೇಕು. ನನ್ನ ಕೈಲಾಗಲಿಲ್ಲ. ಚೀಲ ಎತ್ತಿಕೊಂಡು ಮನೆಗೆ ಬಂದೆ, ಒಂದು ವಾರ ಆ ಕಡೆ ಮುಖ ಹಾಕಲಿಲ್ಲ.

ಒಂದು ಬೆಳಗ್ಗೆ ಹಗ್ಗದಮ್ಮ ಕೊಡೆ ಹಿಡಿದುಕೊಂಡು ಬಂದಳು. ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ. ಕೊಡೆಗೆ ಏನೂ ಆಗಿರಲಿಲ್ಲ, ಒಂದು ಕಡ್ಡಿಯನ್ನು ಅವಳೇ ಬಗ್ಗಿಸಿದ್ದು ಎದ್ದು ಕಾಣುತ್ತಿತ್ತು. ನಾನೂ ಬಿಗುಮಾನದಿಂದ ಸರಿ ಮಾಡಿಕೊಟ್ಟೆ, ಅವಳೂ ಬಿಗುಮಾನದಿಂದ ದುಡ್ಡು ಕೊಟ್ಟಳು. ಹೊಸಿಲು ದಾಟುವಾಗ ತಿರುಗಿ, "ಎಲ್ಲಾ ಕಡೆ ಕೂತು ನೋಡಿದ್ವಿ ಅಲ್ವಾ ಅಕ್ಕಾ. ಒಂದು ಜಾಗ ಬಿಟ್ಟುಹೋಯ್ತು. ಬಾಗಿಲ ಹೊರಗೆ" ಅಂದಳು.

ಮರುದಿನ ನಾವಿಬ್ಬರೂ ಹೋಗಿ ಹೊರಗೆ ನಿಂತೆವು. ಒಳಗೆ ಕೆಲಸ ನಡೆದಿತ್ತು, ಬಾಗಿಲಿಗೆ ಅಡ್ಡ ಹಗ್ಗ ಕಟ್ಟಿದ್ದರು. ಒಳಗೆ ಕಾಲಿಡಬಾರದು, ಯಾರನ್ನೂ ಮಾತಾಡಿಸಬಾರದು, ಅದು ನಾವೇ ಹಾಕಿಕೊಂಡ ಕಟ್ಟಳೆ. ಬಿಸಿಲಿಗೆ ಇಬ್ಬರೂ ತಲೆಯ ಮೇಲೆ ಬಟ್ಟೆ ಎಳೆದುಕೊಂಡಿದ್ದೆವು. ಇಟ್ಟಿಗೆಯ ಗಾಡಿಯ ಹಿಂದೆ ಬಂದ ಮೇಸ್ತ್ರಿ, ದಿನಾ ನನ್ನ ಕೈಯಿಂದ ಚಹಾ ಇಸಿದುಕೊಂಡು ಕುಡಿಯುವ ಅದೇ ಮೇಸ್ತ್ರಿ, ಮುಖ ಕೂಡ ನೋಡದೆ, "ಏಯ್, ಯಾರಮ್ಮಾ ಅದು, ದಾರಿ ಬಿಡಿ" ಎಂದು ಗದರಿಕೊಂಡು ಒಳಗೆ ಹೋದ.

ಏನು ಹೇಳಲಿ ಗುಬ್ಬಿ. ಅವನ ತಪ್ಪಲ್ಲ ಅದು. ನಮ್ಮಿಬ್ಬರಲ್ಲಿ ಯಾರು ಈಚೆಯವಳು, ಯಾರು ಆಚೆಯವಳು ಎಂದು ಅವನಿಗೆ ಗೊತ್ತಾಗಲಿಲ್ಲ. ಹೊರಗೆ ನಿಂತವರಿಗೆ ದಡ ಇರುವುದಿಲ್ಲ. ನೀನು ಎಲ್ಲೋ ಪರವೂರಿನ ಬಾಗಿಲಲ್ಲಿ ನಿಂತು ದಾರಿ ಬಿಡು ಎನ್ನಿಸಿಕೊಂಡದ್ದೆಲ್ಲ ಕಣ್ಣಿಗೆ ಕಟ್ಟಿತು. ಕರೆಯದೆಯೇ ಇನ್ನೊಬ್ಬಳೂ ಮನಸ್ಸಿಗೆ ಬಂದಳು, ಉಪ್ಪಿನವನ ಹೆಂಡತಿ. ಬೇಡ ಬೇಡ ಎಂದು ತಳ್ಳಿದೆ. ಹೋಗಲಿಲ್ಲ. ನಿನ್ನ ಪಕ್ಕದಲ್ಲೇ ಬಂದು ನಿಂತಳು.

ಸಂಜೆಯ ಸಭೆಯಲ್ಲಿ ನಾನೇ ಹೇಳಿದೆ, ಎರಡೂ ದಡದಿಂದ ಹೋದವರಿಗೆಲ್ಲ ಇಡೋಣ, ಒಂದು ಮನೆಯನ್ನೂ ಬಿಡದೆ. ಕತ್ತರಿ ಟೋಪಿ ಕಿತ್ತು ನೆಲಕ್ಕೆ ಎಸೆದ. ಹಗ್ಗದಮ್ಮ ಅದನ್ನು ಎತ್ತಿ ಕೊಡವಿ ಅವನ ಕೈಗೆ ಕೊಡುತ್ತ, "ಮತ್ತೆ ಶುರುವಾಗಿ, ಈ ಸಲ ಓಡೋನು ನೀನೇ ಆದ್ರೆ?" ಅಂದಳು. ಅವನು ಟೋಪಿಯನ್ನು ತಲೆಗೆ ಇಟ್ಟುಕೊಂಡ. ಆಮೇಲೆ ಗೊಣಗಿದ, "ಎಲ್ಲರದ್ದೂ ಒಂದೊಂದು ಗೇಣು ಚಿಕ್ಕದು ಮಾಡಿ, ಹಿಡಿಸತ್ತೆ." ಹಿಡಿಸಿತು.

ಚೀಟಿ ಎತ್ತುವ ದಿನ ಗಲಾಟೆ ಆಗುತ್ತದೆಂದು ಪೊಲೀಸರನ್ನು ಕರೆಸಿದ್ದರು. ಓದು ಬಾರದವರಿಗೂ ತಿಳಿಯಲೆಂದು ಪ್ರತಿ ಮಳಿಗೆಯ ನೆತ್ತಿಗೆ ಒಂದು ಚಿತ್ರ ಬರೆಸಿದ್ದೆವು, ಅದೇ ಚಿತ್ರ ಸಣ್ಣ ತಗಡಿನ ಬಿಲ್ಲೆಯ ಮೇಲೆ. ಡಬ್ಬದೊಳಗೆ ಕೈ ಹಾಕುವುದು, ಎತ್ತುವುದು. ಒಬ್ಬರನ್ನೊಬ್ಬರು ಕಣ್ಣೆತ್ತಿ ನೋಡದಿದ್ದ ಎರಡು ದಡದ ಜನ ಒಂದೇ ಸಾಲಿನಲ್ಲಿ ನಿಂತಿದ್ದರು. ನಾನು ಉಸಿರು ಬಿಗಿಹಿಡಿದು ಎಲ್ಲರ ಮುಖ ನೋಡುತ್ತಿದ್ದೆ. ಯಾರ ಮುಖದಲ್ಲೂ ಹೆದರಿಕೆ ಇರಲಿಲ್ಲ ಕಣೇ! ಯಾವುದು ಬಂತು ಎಂದರೆ "ಮೀನು ಬಂತು", "ನಂಗೆ ಚಂದ್ರ" ಎಂದು ನಗುತ್ತ ಹೋಗುತ್ತಿದ್ದರು. ಯಾವುದು ಬಂದರೂ ಅದು ಕೂರುವ ಜಾಗವೇ ಆಗಿತ್ತು. ಪೊಲೀಸಿನವನು ಆಕಳಿಸಿ ಆಕಳಿಸಿ ಕೊನೆಗೆ ಕತ್ತರಿಯ ಹತ್ತಿರ ಗಡ್ಡ ಬೋಳಿಸಿಕೊಳ್ಳಲು ಕೂತ. ಕತ್ತರಿಗೋ ತನ್ನ ಬಿಲ್ಲೆ ತೆಗೆದು ನೋಡುವುದೇ ಮರೆತುಹೋಗಿತ್ತು. ಮೇಜಿನ ಕಾಲು ಮುರಿದವನು ಇವನೇನಾ! ಮನುಷ್ಯರು ಇಷ್ಟು ದೊಡ್ಡವರಾಗಬಲ್ಲರು ಎಂದು ನನಗೆ ಯಾರೂ ಹೇಳಿರಲಿಲ್ಲ.

ನನಗೆ ಏಣಿ ಬಂತು, ಎರಡನೆಯ ಬಾಗಿಲಿನ ಹತ್ತಿರ. ಊರಲ್ಲಿಲ್ಲದವರ ಬಿಲ್ಲೆಯನ್ನು ಎದುರು ದಡದವರು ಎತ್ತಬೇಕೆಂದು ಮಾಡಿದ್ದೆವು, ಮೋಸದ ಮಾತೇ ಬರಬಾರದೆಂದು. ನಿನ್ನದನ್ನು ಹಗ್ಗದಮ್ಮ ಎತ್ತಿದಳು. ಆಮೆ! ಊರಿಗೆ ಬರಲು ಇಷ್ಟು ವರ್ಷ ತೆಗೆದುಕೊಳ್ಳುವವಳಿಗೆ ಇದಕ್ಕಿಂತ ಸರಿಯಾದದ್ದು ಸಿಕ್ಕೀತೇ ಎಂದು ಎಲ್ಲರೂ ನಕ್ಕರು. ಆಚೆ ದಡದ ಒಂದು ಮನೆಯವರದ್ದನ್ನು ನಾನೂ ಎತ್ತಿದೆ. ಅದು ಹಾಗಿರಲಿ.

ನಿನ್ನ ಮಳಿಗೆಗೆ ಉತ್ತರದ ಬೆಳಕು ಬೀಳುತ್ತದೆ, ಗಡಿಯಾರದ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಮೇಜು ಇಡುವ ಜಾಗ ಅಳೆದು ನೋಡಿದ್ದೇನೆ. ಬಾ ಎಂದು ಬಲವಂತ ಮಾಡುವುದಿಲ್ಲ. ಬರದಿದ್ದರೂ ಅದು ನಿನ್ನದೇ, ಯಾರೂ ಮುಟ್ಟುವುದಿಲ್ಲ. ಬಂದರೆ ನಿನ್ನನ್ನು ಕಣ್ಣು ತುಂಬ ನೋಡುತ್ತೇನೆ, ಅಷ್ಟೇ ಆಸೆ.

ಒಂದು ಗೇಣು ಚಿಕ್ಕದಾದ ಮಳಿಗೆಯಿಂದ,
ನಿನ್ನ ಅಮ್ಮ

ಮರೆತದ್ದು: ಮರೆತದ್ದಲ್ಲ, ಬೇಕೆಂದೇ ಬಿಟ್ಟದ್ದು. ಮೇಲೆಯೇ ಬರೆದಿದ್ದರೆ ನೀನು ಅಲ್ಲಿಗೇ ಕಾಗದ ಹರಿದುಬಿಡುತ್ತಿದ್ದೆ. ನಾನು ಎತ್ತಿದ್ದು ಉಪ್ಪಿನವನ ಮನೆಯವರ ಬಿಲ್ಲೆ. ಅದರಲ್ಲಿ ಬಂದದ್ದು ನಿನ್ನ ಆಮೆಯ ಪಕ್ಕದ ಮಳಿಗೆ. ಅಂಗೈಯಲ್ಲಿ ನೋಡಿದಾಗ ಮತ್ತೆ ಡಬ್ಬಕ್ಕೆ ಬಿಡಬಹುದಿತ್ತು, ಯಾರ ಕಣ್ಣೂ ನನ್ನ ಮೇಲಿರಲಿಲ್ಲ. ಬಿಡಲಿಲ್ಲ. ಅವನು ಪರವೂರಿನಲ್ಲೇ ತೀರಿಕೊಂಡನಂತೆ. ಹೆಂಡತಿ ಕಳೆದ ವಾರ ಬಂದು ಕೂತಿದ್ದಾಳೆ. ನಾನಿನ್ನೂ ಅವಳೊಡನೆ ಒಂದು ಮಾತೂ ಆಡಿಲ್ಲ, ಕ್ಷಮಿಸಿಯೂ ಇಲ್ಲ. ಒಬ್ಬರಿಗೆ ಜಾಗ ಬಿಡುವುದಕ್ಕೆ ಅವರನ್ನು ಕ್ಷಮಿಸಿಯೇ ತೀರಬೇಕೆಂದಿಲ್ಲ ಅನ್ನುವುದು ನನಗೂ ಈಗಷ್ಟೇ ಗೊತ್ತಾಗಿದೆ. ನಿನಗೆ ಅವಳ ಪಕ್ಕ ಕೂರಲು ಆಗದಿದ್ದರೆ ನನ್ನ ಏಣಿ ನೀನು ತಗೋ, ಆಮೆಯಲ್ಲಿ ನಾನು ಕೂರುತ್ತೇನೆ.